ನೀರು ಕೇಳಿಕೊಂಡು ಬರುವ ಅಣ್ಣಂದಿರು

ಉಸಿರನ್ನು ಕೊಟ್ಟು, ಉಸಿರಿರುವವರೆಗೆ ನೆನಪನ್ನೂ ಉಳಿಸಿರುವ ಪರಶಿವನಿಗೆ ಮೊದಲ ಶರಣು. ಅಕ್ಷರ ಕಲಿಸಿದ ಗುರುಗಳಿಗೆ, ಅನ್ನವಿತ್ತ ಊರುಗಳಿಗೆ, ನನ್ನ ತಪ್ಪನ್ನು ನನಗೇ ತೋರಿಸಿಕೊಟ್ಟ ಒಬ್ಬ ಹಿಟ್ಟಿನ ಗಿರಣಿಯವರಿಗೆ ಅದರ ಜೊತೆಯಲ್ಲಿಯೇ ಶರಣು. ಅವರ ಋಣವನ್ನು ಹೇಳದೆ ಮುಂದಿನ ಮಾತು ಸಲ್ಲದು.

ನಿನ್ನೆ ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರದೋ ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಿದ್ದರು. ಕಾಳು ಸಿಡಿದು ಹೂವಾಗುವಾಗ ಏಳುವ ಆ ವಾಸನೆ, ಪಂಚಮಿ ಬಂತೆಂದು ಪಂಚಾಂಗಕ್ಕಿಂತ ಮೊದಲು ಹೇಳುವ ವಾಸನೆ... ಕಿಟಕಿಯ ಬಳಿ ಕುಳಿತಿದ್ದವನು ಕಣ್ಣು ಮುಚ್ಚಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಆ ಹೊತ್ತೆಲ್ಲ ನಾನು ಸಂಡೂರಿನ ಬಳಿಯ ಯಶವಂತನಗರದಲ್ಲಿದ್ದೆ.

ಗಣಿಗಳು ಹಗಲಿರುಳು ನಡೆಯುತ್ತಿದ್ದ ಕಾಲವದು. ನನ್ನ ಮಾಸ್ತರಿಕೆಯ ಕೊನೆಯ ವರ್ಷಗಳನ್ನು ನಾನು ಅಲ್ಲಿ ಕಳೆದೆ. ಲಾರಿಗಳು ಎಬ್ಬಿಸಿದ ಕೆಂಧೂಳು ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ದೇವರ ಮುಂದಿನ ದೀಪದ ಎಣ್ಣೆಯ ಮೇಲೆ ಕೂಡ ಕುಳಿತಿರುತ್ತಿತ್ತು. ಆ ಕೆಂಪಿನ ನಡುವೆ ಬೆಳ್ಳಗೆ ಕಾಣುತ್ತಿದ್ದುದು ಒಂದೇ, ನಮ್ಮ ಓಣಿಯ ತುದಿಯ ಗಿರಣಿ. ಅದರೊಳಗೆ ರೆಪ್ಪೆಯ ಮೇಲೂ ಹಿಟ್ಟು ಹೊತ್ತು ನಿಂತಿರುತ್ತಿದ್ದ ಅದರ ಯಜಮಾನರು, ಐವತ್ತು ದಾಟಿದವರು, ಮಿತಭಾಷಿ. ಓಣಿಯೆಲ್ಲ ಅವರನ್ನು ಗಿರಣಿ ಮಾವ ಎನ್ನುತ್ತಿತ್ತು.

ಗಿರಣಿಯ ಗದ್ದಲದಲ್ಲಿ ಹೆಂಗಸರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕೂಗಿ ಮಾತಾಡುತ್ತಿದ್ದರು. ಆ ಸದ್ದೇ ಅವರಿಗೆ ಮರೆ. ಒಂದು ದಿನ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಯಂತ್ರ ನಿಂತಿತು, ಒಬ್ಬಾಕೆಯ ಮಾತು ನಿಲ್ಲಲಿಲ್ಲ. "ಬೆಲ್ಟ್ ತಗೊಂಡು ಹೊಡದಾನ ಯಕ್ಕಾ, ಕುಂದ್ರಾಕ ಆಗವಲ್ದು" ಎಂಬ ಮಾತು ಬಾಗಿಲಲ್ಲಿ ನಿಂತಿದ್ದ ನಮ್ಮಂಥ ಗಂಡಸರ ಕಿವಿಗೂ ಬಿತ್ತು. ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ನಾವು ಆಕಾಶ ನೋಡಿದೆವು. ಗಿರಣಿಯವರು ಮಾತ್ರ ನಮ್ಮನ್ನೇ ನೋಡುತ್ತಿದ್ದರು.

ಆ ವಾರವೇ ಅವರು ಓಣಿಯ ಗಂಡಸರನ್ನು ಗಿರಣಿಯ ಕಟ್ಟೆಗೆ ಕರೆದರು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಗಣಿಯ ಓಣಿಯ ಹೆಣ್ಣುಮಕ್ಕಳಿಗೆ ತವರು ದೂರ. ಅಣ್ಣಂದಿರು ಬೇರೆಲ್ಲೋ ಕೂಲಿಯಲ್ಲಿದ್ದರು. ಕರೆಯಲು ಯಾರೂ ಬರುತ್ತಿರಲಿಲ್ಲ. ಗಿರಣಿಯವರು ಹೇಳಿದ್ದು ಇಷ್ಟೆ: ಪಕ್ಕದ ಮನೆಯ ಹೆಣ್ಣುಮಗಳಿಗೆ ನೀವೇ ಅಣ್ಣನಾಗಿ ಈ ಪಂಚಮಿಗೆ ಉಂಡಿ, ಅಳ್ಳು, ರವಿಕೆಗೆ ಕುಬಸದ ಕಣ ಒಯ್ಯಿರಿ. ಆಮೇಲೆ ಆ ಮನೆಯಲ್ಲಿ ಏಟಿನ ಸದ್ದು ಕೇಳಿದರೆ ಬಾಗಿಲಿಗೆ ಹೋಗಿ ಕುಡಿಯಲು ನೀರು ಕೇಳಿರಿ. ಜಗಳದ ಮಾತೆತ್ತಬೇಡಿ. ಕಟ್ಟೆಯ ಮೇಲೆ ಕುಳಿತು ನಿಧಾನ ಕುಡಿಯಿರಿ. ಇನ್ನು ಹೋಗಬಹುದು ಎಂದು ತಂಗಿ ಹೇಳುವವರೆಗೆ ಏಳಬೇಡಿ.

ನೀರು ಕೇಳಿದವನನ್ನು, ಅದರಲ್ಲೂ ಹೆಂಡತಿಯ ಅಣ್ಣನನ್ನು, ಬಾಗಿಲಿಂದ ಅಟ್ಟುವ ಗಂಡಸು ನಮ್ಮ ಸೀಮೆಯಲ್ಲಿ ಇಲ್ಲವೆಂಬುದು ಅವರ ನಂಬಿಕೆ.

ಲಾರಿ ಚಾಲಕನೊಬ್ಬ ನಕ್ಕ. "ಮಾವ, ನನ್ನ ತಂಗಿ ಏಳು ಅನ್ನದಿದ್ರ ಹೊಟ್ಟಿ ನಗಾರಿ ಆಕ್ಕೈತಲ್ಲ."

"ಆಗ್ಲಿ ಬಿಡಲೇ. ದಿನಾ ಸಂಜಿಗಿ ಹಾಕ್ಕೊಳ್ಳೂದಕ್ಕಿಂತ ನೀರು ಭೇಷಿ" ಎಂದರು ಗಿರಣಿಯವರು. ನಗು ಅಡಗಿದ ಮೇಲೆ ನೆಲ ನೋಡುತ್ತ ಮತ್ತೊಂದು ಮಾತು ಸೇರಿಸಿದರು: "ನಾನೂ ಒಂದ್ ಕಾಲಕ್ಕ ಕೈ ಎತ್ತಿದಾವನ. ಆವಾಗ ನನ್ನ ಬಾಗಲಿಗಿ ಯಾರೂ ಬರಲಿಲ್ಲ. ಬಂದಿದ್ರ ಚಲೋ ಇತ್ತು."

ಯಾರು ಯಾರ ಮನೆಗೆ ಎಂಬುದನ್ನು ಅಲ್ಲಿಯೇ ಹಂಚಿಕೊಂಡೆವು.

ನನ್ನ ಪಾಲಿಗೆ ಬಂದವಳು ಗೋಡೆಯಾಚೆಯ ಮನೆಯ ಹೆಣ್ಣುಮಗಳು. ಆಕೆಯ ಗಂಡ ಗಣಿಯಲ್ಲಿ ಯಂತ್ರ ನಡೆಸುತ್ತಿದ್ದ. ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಕುಡಿದು ಬರುತ್ತಿದ್ದ. ನಾನು ಕುಬಸದ ಕಣ ಒಯ್ದಾಗ ಆಕೆ ಎರಡೂ ಕೈಯಲ್ಲಿ ಸೆರಗು ಹಿಡಿದು ಅದನ್ನು ತೆಗೆದುಕೊಂಡ ರೀತಿ ಈಗಲೂ ಕನಸಿನಲ್ಲಿ ಬರುತ್ತದೆ... ಎರಡು ಸಲ ಹೋಗಿ ನೀರು ಕೇಳಿದೆ. ಎರಡು ಸಲವೂ ಅವನು ತಲೆ ತಗ್ಗಿಸಿ ಒಳಗೆ ಸರಿದ. ಓಣಿಯ ಹಲವು ಮನೆಗಳು ಆ ವರ್ಷ ಮೆಲ್ಲಗೆ ಸಮಾಧಾನಗೊಂಡವು. ನನಗೆ ಒಳಗೊಳಗೆ ಹೆಮ್ಮೆಯೂ ಹುಟ್ಟಿತ್ತು.

ಮರುವರ್ಷದ ಶ್ರಾವಣಕ್ಕೆ ಮೂರು ತಿಂಗಳು ಮುಂಚಿನ ಒಂದು ಸೋಮವಾರ ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗವಿರಿಸಿಕೊಂಡು ಪೂಜೆಗೆ ಕುಳಿತಿದ್ದೆ. ಗೋಡೆಯಾಚೆ ಕೊಡ ಉರುಳಿತು. ಅವನ ಕೂಗು. ಬಳಿಕ ಆಕೆಯ ದನಿ: "ಅಣ್ಣಾ." ಸ್ವಲ್ಪ ತಡೆದು ಮತ್ತೆ, "ಅಣ್ಣಾ."

ಪೂಜೆಯ ನಡುವೆ ಏಳಬಾರದೆಂದು ಬಾಲ್ಯದಿಂದ ಕಲಿತವನು ನಾನು. ಇನ್ನೇನು ಮುಗಿಯಿತು, ಮಂಗಳಾರತಿಯೊಂದೇ ಬಾಕಿ ಎಂದುಕೊಂಡೆ. ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ. ಮುಚ್ಚಿಡುವುದೇಕೆ, ಮಂತ್ರವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದೆ.

ಲಿಂಗವನ್ನು ಕೊರಳಿಗೆ ಧರಿಸಿ ಹೊರಬಂದಾಗ ಎಲ್ಲ ಸದ್ದೂ ಅಡಗಿತ್ತು. ಆಕೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಬಲಗೈ ಮಣಿಕಟ್ಟಿನ ಬಳಿ ಇರಬಾರದ ಕಡೆಗೆ ತಿರುಗಿತ್ತು. ಓಣಿಯ ತುದಿಯಿಂದ ಓಡಿಬಂದ ಗಿರಣಿಯವರು ತಮ್ಮ ಟವೆಲಿನಿಂದ ಅದನ್ನು ಕಟ್ಟುತ್ತಿದ್ದರು. ತಲೆಯಿಂದ ಪಾದದವರೆಗೆ ಹಿಟ್ಟು ಮೆತ್ತಿದ್ದ ಅವರು, ಸರ್ವಾಂಗಕ್ಕೂ ವಿಭೂತಿ ಧರಿಸಿ ಬಂದ ಜಂಗಮರಂತೆ ಕಂಡರು. ಪೂಜೆ ಮುಗಿಸಿ ಎದ್ದವನು ನಾನು, ಪೂಜೆಯಲ್ಲಿದ್ದವರು ಅವರು.

ಆಕೆ ನನ್ನನ್ನು ನೋಡಿದಳು. "ನಾ ಕರದೆ. ನೀವು ಮನ್ಯಾಗ ಇದ್ರಿ." ಅಷ್ಟೇ. ಅಣ್ಣ ಎನ್ನಲಿಲ್ಲ.

ಗಿರಣಿಯವರು ಗಂಟು ಬಿಗಿಯುತ್ತ, ಮುಖವೆತ್ತದೆ, "ಪೂಜಿ ಕಾಯ್ತಿತ್ತರಿ, ಮಾಸ್ತರ" ಎಂದರು.

ಸಂಡೂರಿನ ಆಸ್ಪತ್ರೆಯಿಂದ ಆಕೆಯನ್ನು ಗಿರಣಿಯವರು ತಮ್ಮ ಮನೆಗೇ ಕರೆತಂದರು. ಅವರ ಹೆಂಡತಿ ಮಗಳಂತೆ ನೋಡಿಕೊಂಡರು. ಪೊಲೀಸರಿಗೆ ದೂರು ಕೊಡುವೆಯಾ ಎಂದು ಗಿರಣಿಯವರು ಕೇಳಿದಾಗ, ಬರೆದು ನನ್ನ ಕೈಯಲ್ಲಿಡಿ, ಬೇಕಾದ ದಿನ ನಾನೇ ಒಯ್ಯುವೆ ಎಂದಳು. ಬರೆದವನು ನಾನು. ಕಂಡದ್ದನ್ನೂ, ಕೇಳಿ ಸುಮ್ಮನಿದ್ದುದನ್ನೂ ಬರೆದೆ. ಆಕೆ ಎಡಗೈಯಲ್ಲಿ ಸಹಿ ಹಾಕಿದಳು.

ಗಂಡ ದಿನವೂ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದ. ಕುಡಿತದ ಮೇಲೆ, ರಾತ್ರಿಪಾಳಿಯ ಮೇಲೆ ತಪ್ಪು ಹೊರಿಸುತ್ತಿದ್ದ. ಗಿರಣಿಯವರು ಅವನಿಗೆ ಚಹಾ ಕೊಡಿಸುತ್ತಿದ್ದರು, ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ಹೆಂಡತಿಯನ್ನು ಕಳುಹಿಸಿ ಎಂದು ಅವನು ಬೇಡಿದಾಗ ಆಕೆಯ ಪರವಾಗಿ ಮಾತ್ರ ಹೂಂ ಎನ್ನಲಿಲ್ಲ. ಏನಾಯಿತೆಂದು ಅವನು ಓಣಿಯ ಗಂಡಸರ ಎದುರು ತಾನೇ ಬಾಯಿಬಿಟ್ಟು ಹೇಳಲಿ, ಆಮೇಲೆ ಯೋಚಿಸುವೆ ಎಂಬುದು ಆಕೆಯ ಮಾತಾಗಿತ್ತು. ಕೊನೆಗೊಂದು ಸಂಜೆ ಗಿರಣಿಯವರು ನಮ್ಮನ್ನೆಲ್ಲ ಸೇರಿಸಿ ಯಂತ್ರ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಅವನು, "ಕೈ ಮುರದಾವ ನಾನ. ಶೆರೆ ಅಲ್ಲ, ನಾನ" ಎಂದ. ಮತ್ತೂ ಒಂದು ತಿಂಗಳು ಕಾದು, ಆ ಕಾಗದವನ್ನು ಜೊತೆಯಲ್ಲಿಟ್ಟುಕೊಂಡೇ ಆಕೆ ಮನೆಗೆ ಮರಳಿದಳು.

ಆ ಪಂಚಮಿಗೆ ನಾನು ಅಂಜುತ್ತಲೇ ಹೋದೆ. ಆಕೆ ಹೊಸ್ತಿಲಲ್ಲಿಯೇ ಉಂಡಿಯ ತಟ್ಟೆ ತೆಗೆದುಕೊಂಡು, "ಮತ್ತ ಕರದ್ರ ಬರ್ತೀರೇನು?" ಎಂದು ಕೇಳಿದಳು. ನಾನು ಮಾತು ಕೊಟ್ಟೆ. ಮತ್ತೆ ಕರೆಯುವ ಪ್ರಸಂಗ ನಾನಿದ್ದಷ್ಟು ದಿನ ಬರಲಿಲ್ಲ.

ನಾನು ನಿವೃತ್ತನಾದೆ. ಕೆಲವು ವರ್ಷಗಳಲ್ಲಿ ಗಣಿಗಳು ನಿಂತವು, ಓಣಿ ಚದುರಿತು. ಗಿರಣಿಯವರನ್ನು ಕಂಡು ಒಮ್ಮೆ ಕಾಲಿಗೆರಗಬೇಕೆಂದು ಪ್ರತಿ ಶ್ರಾವಣಕ್ಕೂ ಅಂದುಕೊಂಡೆ. ವಯಸ್ಸಿನಲ್ಲಿ ಅವರು ನನಗಿಂತ ಕಿರಿಯರು... ಆ ಸಂಕೋಚ, ಈ ನೆಪ, ಹೀಗೆ ವರ್ಷಗಳು ಸರಿದವು. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಹಳೆಯ ಲಾರಿ ಚಾಲಕ, ಗಿರಣಿಯವರು ತೀರಿಕೊಂಡು ವರ್ಷವಾಯಿತೆಂದ. ಮಣ್ಣಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತಂದೆ ಸತ್ತವರಂತೆ ಬಂದಿದ್ದರಂತೆ. ಗೋಡೆಯಾಚೆಯ ಮನೆಯ ನನ್ನ ತಂಗಿಯೂ ಕಂಪ್ಲಿಯ ಕಡೆಯಿಂದ ಒಬ್ಬಳೇ ಬಂದಿದ್ದಳಂತೆ.

ಹೇಗಿದ್ದಳು, ಮುಖ ಹೇಗಿತ್ತು, ಕೈ ಹೇಗಿತ್ತು ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಅದನ್ನ ನಾ ನೋಡ್ಲಿಲ್ರಿ, ಮಾಸ್ತರ."

ನೋಡದಿರುವುದನ್ನು ನಾವು ಗಂಡಸರು ಎಷ್ಟು ಚೆನ್ನಾಗಿ ಕಲಿತಿದ್ದೇವೆ. ಅವನನ್ನು ಆಡಿಕೊಳ್ಳುವ ಅರ್ಹತೆ ನನಗಿಲ್ಲ. ಆಕೆಯ ಊರಿನ ಹೆಸರನ್ನು ಅವನಿಂದ ಕೇಳಿ ಬರೆದುಕೊಂಡೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುವೆನೆಂದು ಮನೆಯವರಿಗೆ ತಿಳಿಸಿದ್ದೇನೆ. ಪೂಜೆಯನ್ನು ಹೋಗಿಬಂದ ಮೇಲೆ ಮಾಡುತ್ತೇನೆ.

ಮಣ್ಣಾದ ಆ ಪುಣ್ಯಾತ್ಮರಿಗೆ ಶಿವನ ಪಾದ ದೊರೆಯಲಿ. ಅವರ ಮನೆಯ ತಾಯಿಗೆ, ಕರೆದ ಕೂಡಲೇ ಎದ್ದು ಹೋದ ಅಣ್ಣಂದಿರಿಗೆ, ತಡವಾಗಿಯಾದರೂ ಎದ್ದವರಿಗೆ, ತನ್ನ ತಪ್ಪನ್ನು ತನ್ನ ಬಾಯಿಂದಲೇ ಹೇಳಿದ ಆ ಗಂಡಸಿಗೂ ಒಳಿತಾಗಲಿ. ಕರೆದ ಹೆಣ್ಣುಮಕ್ಕಳಿಗೆ, ಕರೆಯಲಾರದೆ ಹೋದವರಿಗೆ, ಆಯುಷ್ಯವೂ ಅಭಯವೂ ಇರಲಿ.