ನಾದಿನಿ ಕಟ್ಟಿದ ಸರಗಂಟು

ನನ್ನ ನಾದಿನಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹೊಲಿಗೆ ಮಿಷನ್ನಿನ ಸೂಜಿ ಒಮ್ಮೆ ಉಗುರನ್ನು ತೂರಿಕೊಂಡು ಹೋಗಿತ್ತು. ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಅವಳು ಅದನ್ನೇ ಹತಾರ ಮಾಡಿಕೊಂಡಳು. ಪಟದ ಹಗ್ಗವನ್ನು ಆ ಸೀಳಿನ ಮೇಲೆ ಹಾಯಿಸಿ ಮಾರುಗಟ್ಟಲೆ ಎಳೆಯುತ್ತಿದ್ದಳು. ಕಣ್ಣಿಗೆ ಕಾಣದ ಒಂದು ಎಳೆ ಎದ್ದಿದ್ದರೂ ಉಗುರಿಗೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿತೋ, ಅಲ್ಲಿಗೆ ಕತ್ತರಿ.

ಪಟ ಅಂದರೆ ಮಕ್ಕಳ ಕಾಗದದ ಪಟವಲ್ಲ. ಆಷಾಢದ ಗಾಳಿಗೆ ನಮ್ಮ ಕಡೆ ದೊಡ್ಡವರೇ ಹಾರಿಸುತ್ತಿದ್ದರು. ಯೂರಿಯಾ ಚೀಲ ಬಿಚ್ಚಿ ಹೊಲಿದು, ಬಿದಿರು ಕಟ್ಟಿದರೆ ಎರಡಾಳು ಎತ್ತರ. ಹಗ್ಗ ಹಿಡಿಯುವವನು ಸೊಂಟಕ್ಕೆ ಪಟ್ಟಿ ಹಾಕಿಕೊಂಡು, ಆ ಪಟ್ಟಿಗೆ ಹಗ್ಗ ಕಟ್ಟಿಸಿಕೊಂಡು ನಿಲ್ಲಬೇಕು. ಹಿಂದಿನಿಂದ ಇಬ್ಬರು ಆ ಪಟ್ಟಿಯನ್ನು ಹಿಡಿದುಕೊಳ್ಳಬೇಕು. ನಮ್ಮೂರ ಪಟ ಎದ್ದರೆ ಆಚೆ ದಿಣ್ಣೆಯಲ್ಲಿ ಪಣಕಹಳ್ಳಿಯವರದೂ ಏಳುತ್ತಿತ್ತು. ಯಾರದು ಕೊನೆಗೆ ಇಳಿಯುತ್ತದೋ ಅವರು ವರ್ಷವೆಲ್ಲ ತಾಳವಾಡಿ ಸಂತೆಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದರು.

ನಾದಿನಿ ನನ್ನ ಗಂಡನ ತಂಗಿ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಸತ್ತ. ಹೊಲಿಗೆ ಮಿಷನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ನನಗೇನೂ ಸಂತೋಷವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಪಟ ಹೊಲಿಯುವ ಕೆಲಸ ಅವಳಿಗೇ ಬಿತ್ತು. ಆದರೆ ಹಾರಿಸುವ ದಿನ ಗಂಡ ಸತ್ತವಳು ಪಟ ಮುಟ್ಟಬಾರದು ಎಂದು ಗಂಡಸರು ಹೇಳಿ ಕಳಿಸಿದರು. ಅವಳು ಜಗಳಕ್ಕೆ ಹೋಗಲಿಲ್ಲ. ದಿಣ್ಣೆಗೆ ಹೋಗಿ ಒಂದೇ ಮಾತು ಕೇಳಿದಳು.

"ಒಲಿಯಕ ನನ್ನ ಕೈ ಬೇಕು, ಮುಟ್ಟಕ ಬ್ಯಾಡ್ವ?"

ಗಂಡಸರು ಪಕ್ಕಕ್ಕೆ ಸರಿದರು. ಅವಳು ಪಟದ ಹತ್ತಿರ ಕುಳಿತು ಬಿದಿರಿನ ಕಟ್ಟು, ಸೂತ್ರ, ಬಾಲಂಗೋಚಿ ಎಲ್ಲವನ್ನೂ ಮುಟ್ಟಿ ನೋಡಿದಳು. ಕೊನೆಗೆ ಪಟ್ಟಿಯ ಗಂಟು. ಅದು ಸರಗಂಟೇ ಆಗಬೇಕು. ಗಾಳಿ ಕೆಟ್ಟರೆ ತುದಿ ಎಳೆದ ಕೂಡಲೇ ಬಿಚ್ಚಿಕೊಂಡು ಪಟ ಹೋಗಬೇಕು, ಆಳು ಉಳಿಯಬೇಕು. ಅಲ್ಲಿಂದ ಪ್ರತಿ ಆಷಾಢದಲ್ಲೂ ಹಾರಿಸುವವನ ಕೈಯಲ್ಲೇ ಒಂದು ಸಲ ಎಳೆಸಿ, ಮತ್ತೆ ಕಟ್ಟುತ್ತಿದ್ದಳು. ಎಷ್ಟು ಹೊತ್ತಾದರೂ ಅಷ್ಟೇ. ನಗುವವರು ನಗುತ್ತಿದ್ದರು.

ನಾನು ಹೇಳಬೇಕಾದ ಆಷಾಢದ ಹಿಂದಿನ ವರ್ಷ, ನಮ್ಮೂರ ಪಟ ಹಾರಿಸುತ್ತಿದ್ದ ನನ್ನ ಗಂಡ ಗಾಳಿಗೆ ಹೆದರಿ ಆ ತುದಿ ಎಳೆದುಬಿಟ್ಟಿದ್ದ. ನಮ್ಮ ಪಟ ತಾಳಮಲೆ ಕಾಡಿನ ಕಡೆ ಹೋಯಿತು. ಪಣಕಹಳ್ಳಿಯ ಹೆಂಗಸರು ಬಸ್ಸಿನಲ್ಲಿ ನನ್ನನ್ನು ನೋಡಿ, ನಿಮ್ಮ ಪಟಕ್ಕೆ ಆನೆಗಳು ರಾಗಿ ಹಾಕಿ ಸಾಕುತ್ತಿವೆಯಂತೆ ಎಂದು ಆಡಿಕೊಂಡರು. ನನಗೆ ಉರಿದುಹೋಯಿತು.

ಆ ದಿನ ನಾದಿನಿ ಎಲ್ಲ ನೋಡಿ, ಅಣ್ಣನ ಕೈಯಲ್ಲಿ ಗಂಟು ಎಳೆಸಿ, ಮತ್ತೆ ಕಟ್ಟಿ, ಪಟ್ಟಿಯನ್ನು ಬಂಡೆಯ ಮೇಲಿಟ್ಟು ಪಟ ಎತ್ತಿ ಹಿಡಿಯಲು ಕೆಳಗೆ ಹೋದಳು. ಗಂಡಸರು ಬೀಡಿ ಸೇದುತ್ತಾ ಗಾಳಿ ನೋಡುತ್ತಿದ್ದರು. ನಾನು ಬಂಡೆಯ ಹತ್ತಿರ ಹೋಗಿ ಆ ಸರಗಂಟು ಬಿಚ್ಚಿ, ಕರು ಕಟ್ಟುವ ಗಂಟು ಹಾಕಿದೆ. ಎಳೆದಷ್ಟೂ ಬಿಗಿಯುವ ಗಂಟು. ತುದಿಯನ್ನು ಮಾತ್ರ ಅವಳು ಬಿಡುವ ಹಾಗೆಯೇ ಉದ್ದಕ್ಕೆ ಬಿಟ್ಟೆ. ಈ ವರ್ಷ ಪಟ ಎಲ್ಲಿಗೆ ಹೋಗುತ್ತದೋ ನೋಡೋಣ ಅಂದುಕೊಂಡೆ. ನನ್ನ ಗಂಡ ಬಂದು ಪಟ್ಟಿಯನ್ನು ತಲೆಯಿಂದ ಇಳಿಸಿ ಸೊಂಟಕ್ಕೆ ಹಾಕಿಕೊಂಡ.

ಪಟ ಚೆನ್ನಾಗಿಯೇ ಎದ್ದಿತು. ಒಂದು ಬೀಸು ಗಾಳಿ ಬಂತು, ಬಿದಿರು ಸೀಳಿತು. ಪಟ ಒಂದು ಮಗ್ಗುಲಿಗೆ ವಾಲಿ ಗಿರಗಿರ ಸುತ್ತಿ, ಎರಡು ದಿಣ್ಣೆಗಳ ನಡುವಿನ ಹಳೆಯ ಕಲ್ಲು ಕ್ವಾರಿಯ ಕಡೆ ಎಳೆಯತೊಡಗಿತು. ಪಟ್ಟಿ ಹಿಡಿದಿದ್ದ ಇಬ್ಬರೂ ಅಂಗೈ ಸುಲಿದು ಕೈಬಿಟ್ಟರು. ನನ್ನ ಗಂಡ ತುದಿ ಎಳೆದ. ಇನ್ನೊಮ್ಮೆ ಎಳೆದ. ಬಿದ್ದ. ಕಲ್ಲು ಮುಳ್ಳಿನ ಮೇಲೆ ಅವನನ್ನು ಗಾಳಿ ಎಳೆದುಕೊಂಡು ಹೋಗುವುದನ್ನು ನಾನು ನಿಂತು ನೋಡಿದೆ.

ಪಣಕಹಳ್ಳಿಯವರ ಪಟ ಆಗ ನೆತ್ತಿಯ ಮೇಲಿತ್ತು. ಅವರು ಅದನ್ನು ಬಿಟ್ಟುಬಿಟ್ಟರು. ಗೆಲ್ಲುವ ಪಟ ಬಿಟ್ಟು ದಿಣ್ಣೆ ಇಳಿದು ಓಡಿಬಂದು, ಐದಾರು ಜನ ನನ್ನ ಗಂಡನ ಮುಂದಿನ ಹಗ್ಗಕ್ಕೆ ಬಿದ್ದರು. ಹಗ್ಗ ಒಂದು ಗಳಿಗೆ ಸಡಿಲವಾಯಿತು. ಅಷ್ಟರಲ್ಲಿ ಕೆಳಗಿನಿಂದ ಓಡಿಬಂದ ನಾದಿನಿ ಸೊಂಟದ ಕತ್ತರಿ ತೆಗೆದು ಕತ್ತರಿಸಿದಳು. ಕ್ವಾರಿಯ ಅಂಚು ಅಲ್ಲಿಗೆ ಎರಡು ಮಾರು.

ಪಣಕಹಳ್ಳಿಯ ಯಜಮಾನ ಏದುಸಿರು ಬಿಡುತ್ತಾ ಕೇಳಿದ. "ಯಾರ್ಲಾ ಈ ಗಂಟು ಆಕಿದ್ದು? ದನ ಕಟ್ಟಿದ್ರೇನ್ಲಾ?"

ನಾದಿನಿ ಗಂಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ದಿನಾ ಕೊಟ್ಟಿಗೆಯಲ್ಲಿ ನನ್ನ ಗಂಟು ನೋಡುವವಳು ಅವಳು. ತಲೆಯೆತ್ತಿ ನನ್ನನ್ನು ನೋಡಿದಳು.

"ನಾನೇ ಕಣಪ್ಪ," ಅಂದಳು. "ಕೈ ತಪ್ತು."

ಗಂಟನ್ನು ಪಟ್ಟಿಯಿಂದ ಕತ್ತರಿಸಿ ಸೆರಗಿಗೆ ಹಾಕಿಕೊಂಡಳು.

ನನ್ನ ಗಂಡ ಮೂರು ಪಕ್ಕೆಲುಬು ಮುರಿದುಕೊಂಡು ಮಲಗಿದ. ತಂಗಿಗೆ ಬಾಯಿಗೆ ಬಂದಂತೆ ಬೈದ. ಅವಳು ಅವನಿಗೆ ಗಂಜಿ ಕುಡಿಸುತ್ತಾ ಬೈಸಿಕೊಂಡಳು. ತಿಂಗಳಾದ ಮೇಲೆ ಕೊಟ್ಟಿಗೆಯಲ್ಲಿ ಅವಳನ್ನು ನಿಲ್ಲಿಸಿ, ಯಾಕೆ ಹಾಗಂದೆ ಎಂದು ಕೇಳಿದೆ. ಸಗಣಿ ಬಾಚುವುದನ್ನು ನಿಲ್ಲಿಸದೆಯೇ ಹೇಳಿದಳು.

"ನೀನು ಅಂತ ಗೊತ್ತಾಗಿದ್ರ ನಿನ್ನ ಗಂಡ ನಿನ್ನ ಬುಟ್ಬುಡ್ತಿದ್ದ. ನನ್ನ ಬುಡಕ ಗಂಡನೇ ಇಲ್ವಲ್ಲ ಅತ್ಗ."

ಮುಂದಿನ ಆಷಾಢಕ್ಕೆ ಪಣಕಹಳ್ಳಿಯ ಯಜಮಾನ ತಮ್ಮ ಪಟದ ಹಗ್ಗ ಹೊತ್ತುಕೊಂಡು ನಮ್ಮ ಜಗಲಿಗೆ ಬಂದ. ಹತ್ತು ಜನರ ಮುಂದೆ ತಪ್ಪು ನನ್ನದು ಅಂದವಳು ಇನ್ನೊಮ್ಮೆ ತಪ್ಪುವುದಿಲ್ಲ, ನೀನೇ ನೋಡಿಕೊಡಮ್ಮ ಎಂದ. ಆಮೇಲೆ ಬೇರೆ ಊರಿನವರೂ ಬಂದರು. ಮುಟ್ಟಬೇಡ ಅಂದಿದ್ದ ಗಂಡಸರು ಅವಳ ಮುಂದೆ ಹಗ್ಗ ಹಿಡಿದು ಸಾಲಾಗಿ ಕುಳಿತರು. ಅವಳು ಬೇಡ ಅಂದ ಪಟ ಏಳುತ್ತಿರಲಿಲ್ಲ. ಒಬ್ಬನಿಗೂ ಮತ್ತೆ ಗಾಯವಾಗಲಿಲ್ಲ. ಅವಳು ನಮ್ಮ ಮನೆಯವಳು ಎಂದು ಹೇಳಿಕೊಳ್ಳುವಾಗ ನನ್ನ ಕತ್ತು ನೆಟ್ಟಗಾಗುತ್ತಿತ್ತು. ಆದರೂ ಪ್ರತಿ ವರ್ಷ ಯಾರಾದರೊಬ್ಬ, ಅಕ್ಕ, ನಿಮ್ಮಣ್ಣನಿಗೆ ಹಾಕಿದ ಗಂಟು ಮಾತ್ರ ಬೇಡ, ಎಂದು ಚುಚ್ಚುತ್ತಿದ್ದ. ಅವಳೂ ನಗುತ್ತಿದ್ದಳು.

ಆರೇಳು ವರ್ಷ ಹೀಗೆ ನಡೆಯಿತು. ಆಮೇಲೆ ಹೊಟ್ಟೆಯಲ್ಲಿ ಗಡ್ಡೆಯಾಗಿ, ಚಾಮರಾಜನಗರದ ಆಸ್ಪತ್ರೆಗೆ ಎರಡು ಸಲ ಹೋಗಿ ಬಂದು, ಸತ್ತಳು.

ತಿಥಿಯ ದಿನ ಪಟ ಹಾರಿಸುವವರೆಲ್ಲ ಬಂದಿದ್ದರು. ಊಟಕ್ಕೆ ಕುಳಿತಾಗ ಪಣಕಹಳ್ಳಿಯ ಯಜಮಾನ ಅವಳನ್ನು ಹೊಗಳಿದ. ಇಷ್ಟು ವರ್ಷದಲ್ಲಿ ಆಯಮ್ಮ ತಪ್ಪಿದ್ದು ಒಂದೇ ಗಂಟು ಎಂದ. ಉಳಿದವರು ಹೌದು ಹೌದು ಎಂದು ತಲೆಯಾಡಿಸಿದರು.

ನಾನು ಸಾರಿನ ಪಾತ್ರೆ ಕೆಳಗಿಟ್ಟೆ.

"ಆ ಗಂಟು ಅವಳ್ದಲ್ಲ. ನಂದು. ಅವಳು ಕಟ್ಟಿದ್ದ ನಾನು ಬಿಚ್ಚಿ ಕರು ಗಂಟು ಆಕ್ದೆ."

ನನ್ನ ಗಂಡನ ಕೈ ಎಲೆಯ ಮೇಲೇ ನಿಂತಿತು. ಅವನು ಏನು ಮಾಡಿದರೂ ಮಾಡಲಿ ಎಂದು ಅವನ ಮುಖ ನೋಡಲಿಲ್ಲ. ಕೊನೆಯ ಸಾಲಿನವರು ಏನಂತೆ ಏನಂತೆ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಅವರಿಗೂ ಕೇಳಿಸಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.