ಐದು ಸಲ ಕಲಿತ ಕೆಂಪು ಬಣ್ಣ

ಮೊನ್ನೆ ಸೋಮವಾರ ಶಾಲೆಯ ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಬಡಿಯಿತು, ಸೊಳ್ಳೆ ಕಚ್ಚದಂತೆ ಹಚ್ಚಿಕೊಳ್ಳುವ ನಿಂಬೆ ವಾಸನೆಯ ಮುಲಾಮು. ಬೆಳಗಿನ ಒಂಬತ್ತೂವರೆಗೆ ಅದನ್ನು ಮೈತುಂಬ ಬಳಿದುಕೊಳ್ಳುವವರು ನಮ್ಮ ಊರಲ್ಲಿ ಯಾರೂ ಇಲ್ಲ. ನಮಗೂ ನಮ್ಮ ಸೊಳ್ಳೆಗಳಿಗೂ ಹಳೆಯ ರಾಜಿಯಾಗಿದೆ. ಆದ್ದರಿಂದ ಕಣ್ಣಲ್ಲಿ ಕಾಣುವ ಮೊದಲೇ ನನಗೆ ತಿಳಿದುಹೋಯಿತು, ಯಾರೋ ಬಂದಿದ್ದಾರೆ. ಹೆಡ್ ಮಾಸ್ತರರ ಕೋಣೆಯಲ್ಲಿ ಉದ್ದನೆಯ ತರುಣನೊಬ್ಬ ಬಿಸಿಲಿಗೆ ಕೆಂಪಾದ ಮೂಗು ಹೊತ್ತುಕೊಂಡು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ.

"ನೋಡ್ರಿ ಮೇಡಂ, ಮತ್ತ ಬಂದ್ರು ಅತಿಥಿಗಳು. ಮೂರು ವಾರ ಇಂಗ್ಲಿಷ್ ಕಲಸ್ತಾರಂತ. ಅದೂ ಪುಕ್ಕಟೆ," ಎಂದರು ಹೆಡ್ ಮಾಸ್ತರರು, ಮಗಳ ನಿಶ್ಚಯವಾದಷ್ಟು ಹಿಗ್ಗಿನಿಂದ.

ನಾನೂ ನಕ್ಕು ನಮಸ್ಕಾರ ಮಾಡಿದೆ. ಮನಸ್ಸಿನಲ್ಲಿ ಮಾತ್ರ ಆ ಮೂರು ವಾರಗಳನ್ನು ಆಗಲೇ ಶಪಿಸುತ್ತಿದ್ದೆ. ಯಾಕೆ ಎಂದು ಕೇಳುತ್ತೀರಾ? ಹೇಳುತ್ತೇನೆ. ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ನನ್ನ ತಲೆಯಲ್ಲಿ ಹಾದುಹೋದದ್ದನ್ನು ನಿಮಗೆ ಹೇಳಬೇಕೆಂದರೆ ಕೊಂಚ ಹೆಚ್ಚು ಹೊತ್ತೇ ಹಿಡಿಯುತ್ತದೆ, ಅಷ್ಟೆ.

ನಾನು ಸವಣೂರಿನಿಂದ ಎಂಟು ಕಿಲೋಮೀಟರ್ ಆಚೆಯ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅಕ್ಕೋರು. ಶಿಗ್ಗಾಂವಿಯಿಂದ ದಿನಾ ಬಸ್ಸಿನಲ್ಲಿ ಬಂದು ಐದು, ಆರು, ಏಳನೇ ಇಯತ್ತೆಗೆ ಇಂಗ್ಲಿಷ್ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಯಾವುದೋ ಸಂಸ್ಥೆಯವರು ನಮ್ಮ ಶಾಲೆಯನ್ನು ಬಡಮಕ್ಕಳ ಶಾಲೆ ಎಂದು ಗುರುತಿಸಿ, ಪರದೇಶದ ಎಳೆಯರನ್ನು ಇಂಗ್ಲಿಷ್ ಕಲಿಸಲು ಕಳಿಸತೊಡಗಿದರು. ಬಂದವರೆಲ್ಲ ಒಳ್ಳೆಯವರೇ, ಆ ಮಾತಿನಲ್ಲಿ ಎರಡಿಲ್ಲ. ತಮ್ಮ ಖರ್ಚಿನಲ್ಲಿ ಏಳು ಸಮುದ್ರ ದಾಟಿ ಬಂದು, ನಮ್ಮ ಬಿಸಿಲಲ್ಲಿ ಬೆಂದು, ನಮ್ಮ ಶೇಂಗಾ ಚಟ್ನಿಗೆ ಕಣ್ಣೀರಿಟ್ಟು ಹೋದವರು. ಆದರೆ ಮೂರು ವರ್ಷದಲ್ಲಿ ಐವರು ಬಂದರು, ಐವರೂ ಕೆಂಪು ಬಣ್ಣದಿಂದಲೇ ಶುರು ಮಾಡಿದರು.

ಅದು ಹೇಗೆಂದರೆ, ಅತಿಥಿ ಒಂದು ಕೆಂಪು ಕಾಗದ ಎತ್ತಿ ಹಿಡಿಯುತ್ತಾರೆ. ಇದೇನು ಎಂದು ಕೇಳುತ್ತಾರೆ. ನಲವತ್ತು ಮಕ್ಕಳು ಮಿಕಿಮಿಕಿ ನೋಡುತ್ತಾರೆ. ಒಂದನೇ ಇಯತ್ತೆಯಿಂದ ಬಣ್ಣಗಳನ್ನು ಅರೆದು ಕುಡಿದ ಮಕ್ಕಳು! ಒಬ್ಬರ ಬಾಯೂ ತೆರೆಯುವುದಿಲ್ಲ. ಅತಿಥಿಯೇ ಕೊನೆಗೆ "ರೆಡ್" ಎನ್ನುತ್ತಾರೆ. ಆಗ ಇಡೀ ವರ್ಗ ಜೀವಮಾನದಲ್ಲಿ ಮೊದಲ ಸಲ ಕೇಳಿದಂತೆ ಹುಬ್ಬೇರಿಸಿ, "ರೆಡ್!" ಎಂದು ಮಾಳಿಗೆ ಹಾರುವಂತೆ ಕೂಗುತ್ತದೆ. ಅತಿಥಿಯ ಮುಖ ಅರಳುತ್ತದೆ. ಹಿಂದಿನ ಬೆಂಚಿನ ಬಳಿ ನಿಂತ ನನ್ನ ಮುಖ ಏನಾಗುತ್ತಿತ್ತೋ ನನಗೆ ಕಾಣುತ್ತಿರಲಿಲ್ಲ.

ಐದನೆಯವಳಾಗಿ ಹನ್ನಾ ಎಂಬ ಹುಡುಗಿ ಬಂದಾಗ ನನ್ನ ತಾಳ್ಮೆ ತಪ್ಪಿತು. ಅವಳು ಊಟಕ್ಕೆ ಹೋದ ಮೇಲೆ ಐದನೇ ಇಯತ್ತೆಯ ಮಕ್ಕಳನ್ನು ತರಾಟೆಗೆ ತೆಗೆದುಕೊಂಡೆ. "ಏನ್ರೋ ಇದು ನಾಟಕ? ರೆಡ್ ಅಂದ್ರೇನು ಅಂತ ನಿಮಗ ಗೊತ್ತಿಲ್ಲೇನು?"

ಎದ್ದು ನಿಂತವಳು ಶಾಹೀನ. "ಗೊತ್ತೈತ್ರಿ ಅಕ್ಕೋರ. ಆದ್ರ ಪಾಪ, ಅಷ್ಟು ದೂರದಿಂದ ಕಲಸಾಕಂತ ಬಂದಾರ. ನಮಗ ಗೊತ್ತೈತಿ ಅಂದ್ರ ಅವ್ರಿಗೆ ಹೆಂಗ ಅನಸ್ತೈತ್ರಿ?"

ಅವಳನ್ನು ಬೈಯಲು ನನಗೆ ಹಕ್ಕಿರಲಿಲ್ಲ. ಏಕೆಂದರೆ ಈ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಕೂಸಿಗೆ ಹಾಲಿನ ಜೊತೆಗೇ ಕುಡಿಸಿರುತ್ತಾರೆ. ಹಾನಗಲ್ಲಿನ ನನ್ನ ತವರಿನಲ್ಲಿ ಅವ್ವ ಹೇಳುತ್ತಿದ್ದ ಮಾತು ಇಷ್ಟೇ: "ಎಡಿ ಮಾಡಿ ಮುಂದ ಇಟ್ಟಾಗ, ಉಂಡು ಬಂದೇನಿ ಅನಬ್ಯಾಡ. ಮಾಡಿದವರ ಜೀವಾ ನೊಂದೀತು." ಒಮ್ಮೆ ಚಿಕ್ಕೇರೂರಿನ ದೊಡ್ಡವ್ವನ ಮನೆಗೆ ಹೋದಾಗ ಈ ಒಂದು ಮಾತಿಗೆ ಕಟ್ಟುಬಿದ್ದು ಒಂದೇ ಮಧ್ಯಾಹ್ನ ಮೂರು ಮನೆಯಲ್ಲಿ ಹೋಳಿಗೆ ಉಂಡೆ. ಮೂರನೆಯ ಮನೆಯವರು "ಹೊಟ್ಟಿ ಹಸದೈತೇನವಾ?" ಎಂದು ಕೇಳಿದಾಗ ಹೂಂ ಎಂದವಳು ನಾನೇ. ಅವತ್ತು ಸಂಜೆ ಹಿರೇಕೆರೂರಿನ ದವಾಖಾನೆಯಲ್ಲಿ ಡಾಕ್ಟರು "ಏನ್ ತಿಂದೀಯವಾ?" ಎಂದರೆ, ದೊಡ್ಡವ್ವನಿಗೆ ಬೇಜಾರಾದೀತೆಂದು "ಏನೂ ಇಲ್ರಿ" ಎಂದೆ. ಇಂಥವಳ ಕೈಯಲ್ಲಿ ಕಲಿತ ಮಕ್ಕಳು ಇನ್ನೇನು ಮಾಡಿಯಾವು ಹೇಳಿ.

ಹಿಂದಿನ ನಾಲ್ವರ ಕಾಲದಲ್ಲಿ ಇದೊಂದು ತಮಾಷೆಯಾಗಿತ್ತು. ಹನ್ನಾ ಬಂದಾಗ ಆಗಿರಲಿಲ್ಲ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಸರಿಯಾಗಿ ಒಂದು ತಿಂಗಳಿತ್ತು. ಐದನೆಯದರಲ್ಲಿ ಓದುವ ಮಕ್ಕಳು ಅದನ್ನು ಬರೆದು ಪಾಸಾದರೆ ಆರರಿಂದ ಹತ್ತರವರೆಗೆ ಊಟ, ಬಟ್ಟೆ, ಪುಸ್ತಕ, ಇರಲು ಜಾಗ ಎಲ್ಲ ಸರ್ಕಾರದ್ದು. ಶಾಹೀನಳನ್ನು ನಾನು ಅವಳು ನಾಲ್ಕನೆಯದರಲ್ಲಿದ್ದಾಗಿನಿಂದ, ಬಿಡುವಿನ ಹೊತ್ತಿನಲ್ಲಿ ಕೂರಿಸಿ ಅದಕ್ಕೆಂದೇ ತಯಾರು ಮಾಡಿದ್ದೆ. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದಿ ಉತ್ತರ ಬರೆಯುವ ಕಡೆ ಮಾತ್ರ ಎಡವುತ್ತಿದ್ದಳು. ಆ ಒಂದು ತಿಂಗಳು ಬರೀ ಅದನ್ನೇ ಓದಿಸಬೇಕು ಎಂದುಕೊಂಡಿದ್ದೆ.

ಅವಳ ಅಪ್ಪ ಬಾಬುಸಾಬ್ ಎಲೆತೋಟದಲ್ಲಿ ದುಡಿಯುವವನು. ಶಾಲೆ ಬಿಟ್ಟ ಮೇಲೆ ಶಾಹೀನ ಅವ್ವನ ಜೊತೆ ಕುಳಿತು ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟಬೇಕು. ನನಗೂ ಸಂಜೆಯ ಬಸ್ಸು ತಪ್ಪಿದರೆ ಗತಿಯಿಲ್ಲ. ಹಾಗಾಗಿ ನಮಗಿಬ್ಬರಿಗೂ ಇದ್ದದ್ದು ಶಾಲೆಯ ಹೊತ್ತು ಮಾತ್ರ. ಬಾಬುಸಾಬ್ ಮೊದಲೇ ಹೇಳಿಬಿಟ್ಟಿದ್ದ. "ಅಕ್ಕೋರ, ಆ ಸಾಲಿ ಸಿಕ್ರ ಕಳಸ್ತೇನ್ರಿ, ಖರೇನ. ಅಲ್ಲೇ ಇರ್ತಾಳ, ನನಗ ಫಿಕರ್ ಇಲ್ಲ. ಸಿಗಲಿಲ್ಲಂದ್ರ ಇಲ್ಲೇ ಏಳನೇತ್ತಾ, ಅಲ್ಲಿಗೆ ಮುಗೀತು. ಹೆಣ್ಣುಡುಗೀನ ದಿನಾ ಬಸ್ಸಿನ್ಯಾಗ ಸವಣೂರಿಗೆ ಕಳಸಾಕ ಆಗೂದಿಲ್ರಿ. ದೊಡ್ಡಾಕಿಗೂ ಹಂಗ ಬಿಡಿಸೇನಿ."

ಇಷ್ಟು ಗೊತ್ತಿದ್ದೂ ಹೆಡ್ ಮಾಸ್ತರರು ಐದನೇ ಇಯತ್ತೆಯ ಬೆಳಗಿನ ಮೂರು ಪಿರಿಯಡ್ಡುಗಳನ್ನು ತೆಗೆದು ಹನ್ನಾಳ ಉಡಿಗೆ ಹಾಕಿದರು. "ಸರ್, ಪರೀಕ್ಷೆ ಐತ್ರಿ," ಎಂದೆ. "ಮೂರ ವಾರ ಮೇಡಂ. ಅತಿಥಿಗಳ ಮನಸು ಮುರೀಬಾರದು. ನಮ್ಮ ಊರಿನ ಹೆಸರು ಬರ್ತೈತಿ," ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದುಕೊಂಡು ಹೊರಗೆ ಬಂದೆ. ಬಾಯಿಬಿಟ್ಟು ಅನ್ನಲಿಲ್ಲ ನೋಡಿ, ಅದೇ ನನ್ನ ರೋಗ.

ಹನ್ನಾಳಿಗೇ ನೇರ ಹೇಳೋಣ ಎಂದು ನಿರ್ಧರಿಸಿದೆ. ಹತ್ತೊಂಬತ್ತರ ಹುಡುಗಿ, ಹುಲಿಯಲ್ಲ ಕರಡಿಯಲ್ಲ. ಆದರೆ ನಿಮ್ಮಲ್ಲಿ ಒಂದು ಗುಟ್ಟು ಹೇಳುತ್ತೇನೆ. ಹದಿನೇಳು ವರ್ಷ ಇಂಗ್ಲಿಷ್ ಕಲಿಸಿದ ನಾನು ಆ ಭಾಷೆಯಲ್ಲಿ ಯಾರೊಂದಿಗೂ ನಿಂತು ಮಾತಾಡಿದವಳಲ್ಲ. ಓದುತ್ತೇನೆ, ಬರೆಯುತ್ತೇನೆ, ತಪ್ಪು ತಿದ್ದುತ್ತೇನೆ. ಮಾತಾಡು ಎಂದರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತೇನೆ. ಎರಡು ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಒಂದೇ ವಾಕ್ಯವನ್ನು ಉರುಹೊಡೆದೆ. ಈ ಮಕ್ಕಳಿಗೆ ಇದೆಲ್ಲ ಬರುತ್ತದೆ, ದಯವಿಟ್ಟು ಪಾಠ ಓದಿಸು, ಇಷ್ಟೇ. ಪಕ್ಕದಲ್ಲಿ ಕುಳಿತ ಮುದುಕಿ ನನಗೇನೋ ಆಗಿದೆ ಎಂದು ಜರುಗಿ ಕುಳಿತಳು. ಮೂರನೆಯ ದಿನ ಹನ್ನಾಳ ಎದುರು ಹೋಗಿ ನಿಂತೆ. ಅವಳು ಗೋಡೆಗೆ ಕಾಗದದ ಕಾಮನಬಿಲ್ಲು ಅಂಟಿಸುತ್ತಿದ್ದವಳು ತಿರುಗಿ, ಅಷ್ಟಗಲ ನಕ್ಕು, ಚೆನ್ನಾಗಿದೆಯಾ ಎಂದು ಕಣ್ಣಲ್ಲೇ ಕೇಳಿದಳು. ನನ್ನ ಬಾಯಿಂದ ಹೊರಬಂದದ್ದು "ವೆರಿ ನೈಸ್. ಟೀ?" ಎಂಬ ಮೂರು ಮಾತು.

ಬಿಸಿ ತುಪ್ಪ ಎಂಬುದನ್ನು ಕೇಳಿದ್ದೇನೆ, ನುಂಗಲೂ ಆಗದು ಉಗುಳಲೂ ಆಗದು. ಮೂರು ವಾರ ಅದನ್ನು ಬಾಯಲ್ಲಿ ಇಟ್ಟುಕೊಂಡೆ. ಬಣ್ಣಗಳಾದವು. ಹಣ್ಣುಗಳಾದವು. ಮೈ ಕೈ ಮುಟ್ಟಿಕೊಂಡು ಕುಣಿಯುವ ಹಾಡಾಯಿತು. ಶಾಹೀನ ಎಲ್ಲರಿಗಿಂತ ಚೆನ್ನಾಗಿ ನಟಿಸುತ್ತಿದ್ದಳು. ಮೊದಲ ದಿನದ ಚಿಕ್ಕ ಪರೀಕ್ಷೆಯ ಹಾಳೆಯನ್ನು ಖಾಲಿ ಕೊಟ್ಟಳು. ಕೊನೆಯ ದಿನದ್ದರಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಳು. ಹನ್ನಾ ಅವಳನ್ನು ಅಪ್ಪಿಕೊಂಡು ಅತ್ತಳು. ಬೀಳ್ಕೊಡುಗೆಗೆ ಹೆಡ್ ಮಾಸ್ತರರು ಶಾಲು ಹೊದಿಸಿದರು. ಶಾಹೀನಳ ಅವ್ವ ಡಬ್ಬಿಯಲ್ಲಿ ಶಾವಿಗೆ ಪಾಯಸ ಕಳಿಸಿದ್ದಳು. ನಾನೂ ಎರಡು ಹನಿ ಕಣ್ಣೀರು ಹಾಕಿದೆ, ಅದರ ಕಾರಣ ಬೇರೆ ಇತ್ತು.

ಪರೀಕ್ಷೆಗೆ ಉಳಿದಿದ್ದು ಒಂದು ವಾರ. ಅದರಲ್ಲಿ ಎರಡು ದಿನ ರಜೆ. ಉಳಿದ ದಿನಗಳಲ್ಲಿ ಹುಚ್ಚಿಯಂತೆ ಓದಿಸಿದೆ, ನಾನು ಬೈದದ್ದಕ್ಕೆ ಶಾಹೀನ ಒಮ್ಮೆ ಅತ್ತೂಬಿಟ್ಟಳು. ಪಟ್ಟಿ ಬಂದಾಗ ಅವಳ ಹೆಸರು ಆಯ್ಕೆಯಾದವರಲ್ಲಿ ಇರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಮೊದಲನೆಯದು ಅದೇ ಇತ್ತು. ಜೂನ್ ಕಳೆಯಿತು, ಜುಲೈ ಕಳೆಯಿತು. ಸೀಟು ಸಿಕ್ಕ ಯಾವ ಮಗುವೂ ಬಿಡಲಿಲ್ಲ, ಯಾಕೆ ಬಿಟ್ಟಾವು? "ನಸೀಬ್ ಇಲ್ಲ ಬಿಡ್ರಿ ಅಕ್ಕೋರ, ನೀವರೆ ಏನ್ ಮಾಡ್ತೀರಿ," ಎಂದ ಬಾಬುಸಾಬ್. ನಸೀಬಲ್ಲ ಮಾರಾಯ, ನಾನು, ನಾನು ಎಂದು ಕೂಗಬೇಕೆನಿಸಿತು. ತಲೆ ತಗ್ಗಿಸಿ ಬಸ್ ಹತ್ತಿದೆ.

ಗಾಯದ ಮೇಲೆ ಉಪ್ಪು ಸವರಿದಂತೆ, ಆ ಸಂಸ್ಥೆಯವರ ವರದಿಯನ್ನು ಹೆಡ್ ಮಾಸ್ತರರು ಮೊಬೈಲಿಗೆ ಕಳಿಸಿದರು. ಒಂದು ಬಣ್ಣದ ಹೆಸರೂ ಬಾರದ ಮಕ್ಕಳು ಮೂರೇ ವಾರದಲ್ಲಿ ಎಷ್ಟೆಲ್ಲ ಕಲಿತರು ಎಂದು ಹನ್ನಾ ಅದರಲ್ಲಿ ಬರೆದಿದ್ದಳು. ಕೆಳಗೆ ಶಾಹೀನಳ ಫೋಟೋ, ಕೈಯಲ್ಲಿ ಕೆಂಪು ಕಾಗದ. ಲೆಕ್ಕದಲ್ಲಿ ತಾಲೂಕಿಗೇ ಹೆಸರು ತರಬಹುದಾಗಿದ್ದ ಹುಡುಗಿ! ಹನ್ನಾಳ ಮೇಲೆ ಸಿಟ್ಟು ಬಂತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ನಾವು ತೋರಿಸಿದ್ದನ್ನು ಅವಳು ಬರೆದಿದ್ದಳು. ಯಾರ ಮೇಲೆ ಸಿಟ್ಟು ಮಾಡಬೇಕೋ ಅವಳು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ ಸಿಗುತ್ತಿದ್ದಳು.

ಆಮೇಲೆ ಎರಡು ವರ್ಷ ಯಾವ ಅತಿಥಿಯೂ ಬರಲಿಲ್ಲ. ಶಾಹೀನ ನಮ್ಮಲ್ಲೇ ಉಳಿದು ಈಗ ಏಳನೆಯದರಲ್ಲಿದ್ದಾಳೆ. ಮಾರ್ಚ್ ಮುಗಿದರೆ ಅವಳ ಶಾಲೆಯೂ ಮುಗಿಯಿತು. ಬಾಬುಸಾಬನ ಮನೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ನಾಲ್ಕು ಸಲವೂ ಚಹಾ ಕುಡಿದು, ಊರ ಸುದ್ದಿ ಮಾತಾಡಿ, ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದಿದ್ದೇನೆ.

ಮೊನ್ನೆ ಸೋಮವಾರ ಹೊಸ ತರುಣ ಏಳನೇ ಇಯತ್ತೆಗೇ ಬಂದ. ಕಾಲ ಮುಂದುವರಿದಿದೆ, ಅವನ ಬಳಿ ಕಾಗದವಿರಲಿಲ್ಲ, ಕೈಯಗಲದ ಒಂದು ಪರದೆಯಿತ್ತು. ಅದರಲ್ಲಿ ಒಂದು ಬೆಕ್ಕು ಮೂಡಿಸಿ, ಇದೇನು ಎಂದು ಕೇಳಿದ. ಹದಿಮೂರು ವರ್ಷದ ಮಕ್ಕಳು! ಬೆಕ್ಕು! ಇಡೀ ವರ್ಗ ಮಿಕಿಮಿಕಿ ನೋಡಿತು. ಶಾಹೀನ ಪಕ್ಕದವಳ ಮೊಣಕೈ ತಿವಿದು ಸುಮ್ಮನಿರಿಸುವುದು ನನಗೆ ಕಂಡಿತು.

ಏನಾಯಿತೋ ಗೊತ್ತಿಲ್ಲ, ಹಿಂದಿನಿಂದ ಸೀದಾ ನಡೆದುಕೊಂಡು ಬೋರ್ಡಿನ ಬಳಿ ಬಂದೆ. ನನ್ನ ಮುರುಕು ಇಂಗ್ಲಿಷಿನಲ್ಲಿ, ಕ್ರಿಯಾಪದಗಳು ದಿಕ್ಕಾಪಾಲಾದರೂ ನಿಲ್ಲಿಸದೆ, ಹೇಳಿದೆ. ಇವರಿಗೆ ಬೆಕ್ಕು ಗೊತ್ತು, ನಾಯಿ ಗೊತ್ತು, ಏಳೂ ಬಣ್ಣ ಗೊತ್ತು. ನಿನಗೆ ಬೇಜಾರಾದೀತೆಂದು ಸುಮ್ಮನಿದ್ದಾರೆ. ಇವರಿಗೆ ಪಾಠ ಓದಿಸು. ಪ್ಯಾರಾ ಓದಿಸಿ ಪ್ರಶ್ನೆ ಕೇಳು. ತಪ್ಪಿದರೆ ತಿದ್ದು. ಹೊತ್ತು ಇವರಿಗೆ ಬಹಳ ಉಳಿದಿಲ್ಲ.

ಮಕ್ಕಳು ಕಣ್ಣು ಕಣ್ಣು ಬಿಟ್ಟರು. ತರುಣನ ಕಿವಿಯವರೆಗೂ ಕೆಂಪೇರಿತು. ಮೇಲಿನ ತೊಲೆ ಕಳಚಿ ಬೀಳಲಿಲ್ಲ. ಅವನು ಬೆಕ್ಕಿನ ಪರದೆ ಆರಿಸಿ, ಹೇಳಿದ್ದು ಒಳ್ಳೆಯದಾಯಿತು ಎಂದ. ಪಠ್ಯಪುಸ್ತಕ ಇಸಿದುಕೊಂಡು, ಯಾರು ಓದುತ್ತೀರಿ ಎಂದು ಕೇಳಿದ. ಶಾಹೀನ ಎದ್ದು ಒಂದು ಪುಟವನ್ನು ಎರಡೇ ಕಡೆ ತಡವರಿಸಿ ಓದಿದಳು. ಅವನು ಆ ಎರಡನ್ನು ತಿದ್ದಿದ. ಇದೆಲ್ಲ ಆದದ್ದು ನನ್ನ ಅರ್ಧ ನಿಮಿಷದ ಮಾತಿನಿಂದ.

ಬಿಡುವಿನಲ್ಲಿ ಅವಳು ನನ್ನ ಹಿಂದೆಯೇ ಬಂದಳು. ಲೆಕ್ಕದ ಅನುಮಾನ ಕೇಳುವಷ್ಟೇ ತಣ್ಣಗೆ ಕೇಳಿದಳು. "ಇಷ್ಟ ಸಲೀಸು ಇತ್ತಲ್ರಿ ಅಕ್ಕೋರ. ಹನ್ನಾ ಅಕ್ಕ ಬಂದಾಗ ಯಾಕ ಹೇಳ್ಲಿಲ್ರಿ?"

ಹೆಡ್ ಮಾಸ್ತರರ ಹೆಸರು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. "ಅಂಜಿದೆನವಾ," ಎಂದೆ. "ಅವ್ರು ಬೇಜಾರ ಮಾಡ್ಕೋತಾರಂತ ಅಂಜಿದೆ. ಅದಕ್ಕ ನಿನಗ ಆ ಸಾಲಿ ತಪ್ಪಿತು. ನನ್ನಿಂದ ತಪ್ಪಿತು. ಇವತ್ತ ಸಂಜಿ ನಿಮ್ಮ ಅಪ್ಪನ ಮುಂದ ಇದನ್ನೆಲ್ಲಾ ಹೇಳ್ತೇನಿ, ಹೈಸ್ಕೂಲಿಗೆ ಕಳಸಂತ ಕೇಳ್ತೇನಿ. ಬಸ್ ಹೋದ್ರ ಹೋಗ್ಲಿ."

ಇಲ್ರಿ ಅಕ್ಕೋರ, ಹಂಗೇನಿಲ್ಲ ಬಿಡ್ರಿ, ಎಂದು ಅವಳು ಅನ್ನುತ್ತಾಳೆಂದು ಕಾಯುತ್ತ ನಿಂತೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ. ಶಾಹೀನ ನನ್ನ ಮುಖವನ್ನೇ ನೋಡಿ, "ಹೌದ್ರಿ, ನಿಮ್ಮಿಂದ ತಪ್ಪಿತು," ಎಂದಳು. "ಬರ್ರಿ ಸಂಜಿಗೆ. ಅಪ್ಪ ಮನ್ಯಾಗ ಇರ್ತಾನ."