ಪೆನ್ಸಿಲ್ ನಿಂತಲ್ಲಿ ತಪ್ಪು

ಮಕ್ಕಳು ಬರುವುದು ಪಾಠಕ್ಕೋ, ಕೋಣೆ ಬೆಚ್ಚಗಿದೆಯೆಂದೋ? ಲಾಂಡ್ರಿಯ ಹಿಂಬದಿಯ ಮೆಟ್ಟಿಲು ಹತ್ತುವಾಗೆಲ್ಲ ಅವಳು ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಇದು. ಬಾಯಿಬಿಟ್ಟು ಯಾರನ್ನೂ ಕೇಳಿಲ್ಲ. ಕೇಳಿದರೆ ನಕ್ಕಾರು, ಅದಕ್ಕಿಂತ ಕೆಟ್ಟದ್ದೆಂದರೆ, ಬೆಚ್ಚಗಿದೆಯೆಂದೇ ಅಂದಾರು.

ಬೆಳಗಿನ ಐದೂಕಾಲು. ಕೆಳಗೆ ಆಸ್ಪತ್ರೆಯ ಹೊದಿಕೆಗಳು ಯಂತ್ರಗಳ ಹೊಟ್ಟೆಯಲ್ಲಿ ದಡಬಡ ಹೊರಳುತ್ತಿವೆ. ಆವಿಯ ಕೊಳವೆಗಳು ಮೇಲಿನ ದಾಸ್ತಾನು ಕೋಣೆಯ ಗೋಡೆಗುಂಟ ಹಾದುಹೋಗುವುದರಿಂದ, ಬೀದಿಯಲ್ಲಿ ಹಲ್ಲು ಕಟಕಟ ಅನ್ನುವ ಚಳಿಯಲ್ಲೂ ಇಲ್ಲಿ ಸ್ವೆಟರ್ ಬೇಡ. ಪದವಿಯ ಕೊನೆಯ ವರ್ಷದಲ್ಲಿರುವ ಈ ಹುಡುಗಿ ಸೋಪುಪುಡಿಯ ಚೀಲಗಳನ್ನು ಮೂಲೆಗೆ ಸರಿಸಿ, ಹಳೆಯ ಇಸ್ತ್ರಿ ಮೇಜನ್ನು ನಡುವಿಗೆ ಎಳೆದು, ಅದರ ಸುಟ್ಟ ಕಲೆಗಳ ಮೇಲೆ ಪತ್ರಿಕೆ ಹಾಸುತ್ತಾಳೆ. ಐದು ಪೆನ್ಸಿಲ್ ಹೆರೆದಿಡುತ್ತಾಳೆ. ಆರನೆಯದು ಸದಾ ಅವಳ ಕಿವಿಯ ಮೇಲಿರುತ್ತಿತ್ತು. ಮಕ್ಕಳು ಅವಳನ್ನು ‘ಪೆನ್ಸಿಲಕ್ಕ’ ಅನ್ನುವುದು ಅದರಿಂದಲೇ. ಇವತ್ತು ಅದು ಚೀಲದೊಳಗಿದೆ.

ಬರುವವರು ಐವರು. ಹದಿನಾಲ್ಕರಿಂದ ಹದಿನಾರರ ಪ್ರಾಯ. ಎಲ್ಲರೂ ಕೆಳಗೆ ರಾತ್ರಿಪಾಳಿ ಮಾಡುವವರ ಮಕ್ಕಳು. ಅಪ್ಪ ಅಮ್ಮಂದಿರ ಪಾಳಿ ಮುಗಿಯುವ ಮುನ್ನ ಒಂದೂವರೆ ಗಂಟೆ ಪಾಠ, ವಾರಕ್ಕೆ ಆರು ದಿನ. ಆ ಹೊತ್ತಿಗೆ ಬಸ್ಸಿಲ್ಲ. ಹಾಸ್ಟೆಲ್ಲಿನಿಂದ ನಲವತ್ತು ನಿಮಿಷದ ನಡಿಗೆ. ಒಂಬತ್ತಕ್ಕೆ ಅವಳದೇ ತರಗತಿ. ಅಲ್ಲಿ ತೂಕಡಿಸಿ ಮೇಷ್ಟರಿಂದ ಮಂಗಳಾರತಿ ಮಾಡಿಸಿಕೊಂಡದ್ದೂ ಉಂಟು.

ಎರಡು ವರ್ಷದ ಹಿಂದೆ ಈ ಕೆಲಸಕ್ಕೆ ಕಾಲೇಜಿನ ಇಪ್ಪತ್ತೆರಡು ಮಂದಿ ಹೆಸರು ಕೊಟ್ಟಿದ್ದರು. ಆರು ತಿಂಗಳಾದ ಮೇಲೆ ಪ್ರಮಾಣಪತ್ರ ಕೈಗೆ ಬಂತು. ಹತ್ತೊಂಬತ್ತು ಮಂದಿ ಕೈತೊಳೆದುಕೊಂಡರು. ಉಳಿದ ಮೂವರಲ್ಲಿ ಇಬ್ಬರು ಬೇರೆ ಬಡಾವಣೆಗಳಲ್ಲಿ ಕಲಿಸುತ್ತಾರೆ. ನೀನ್ಯಾಕೆ ಬಿಡಲಿಲ್ಲ ಎಂದರೆ ಅವಳು ನೆಲ ನೋಡಿಕೊಂಡು ಹೇಳುತ್ತಾಳೆ: “ನಂಗೂ ಬಿಡ್ಬೇಕು ಅನ್ಸಿತ್ತು. ಬಿಡ್ತೀನಿ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ. ಹಾಗೇ ಉಳ್ಕೊಂಡೆ.”

ಮಾತು ಅವಳಿಗೆ ಹಾಗೆಯೇ, ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ಏಳನೇ ತರಗತಿಯಲ್ಲಿ ಕರಿಹಲಗೆಯ ಮುಂದೆ ನಿಂತು ಭಾಗಾಕಾರ ತಪ್ಪಿದಾಗ ನಲವತ್ತು ಮಕ್ಕಳು ಒಟ್ಟಿಗೆ ನಕ್ಕಿದ್ದರಂತೆ. ಅದನ್ನವಳು ಮರೆತಿಲ್ಲ. ತನ್ನ ಮೇಜಿನಲ್ಲಿ ಯಾರೂ ಹಾಗೆ ತಲೆ ತಗ್ಗಿಸಬಾರದೆಂದು, ಮಗು ಬರೆಯುವ ಸಾಲಿನ ಗುಂಟ ಪೆನ್ಸಿಲ್ ಓಡಿಸುತ್ತ, ತಪ್ಪು ಪೂರ್ತಿಯಾಗುವ ಮೊದಲೇ ಅದರ ತುದಿಯನ್ನು ಮೆಲ್ಲಗೆ ಅಲ್ಲಿ ನಿಲ್ಲಿಸುತ್ತಾಳೆ. ಮಗು ನೋಡಿ ತಿದ್ದಿಕೊಳ್ಳುತ್ತದೆ. ಗದರಿಕೆಯಿಲ್ಲ, ನಗುವಿಲ್ಲ. ಎರಡು ವರ್ಷ ಹಾಗೇ ನಡೆದಿದೆ.

ಬುಧವಾರ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಅಂಕ ಬಂದಿದೆ. ‘ಇರುವೆ’ ಎಂದು ಎಲ್ಲರೂ ಕರೆಯುವ ಹುಡುಗಿಗೆ ಐವತ್ತಕ್ಕೆ ಹನ್ನೊಂದು. ಅಂಗೈಯಗಲದ ಮುಖ, ಒಂದೆಡೆ ಕೂತವಳಲ್ಲ. ಈ ಮೇಜಿನಲ್ಲಿ ಒಂದು ಲೆಕ್ಕವನ್ನೂ ತಪ್ಪು ಮಾಡಿದವಳಲ್ಲ. ಹದಿನಾಲ್ಕು ವರ್ಷದಿಂದ ನಿಂತೇ ಇಸ್ತ್ರಿ ಮಾಡಿ ಕಾಲಿನ ನರ ಉಬ್ಬಿಸಿಕೊಂಡಿರುವ ಅವಳ ಅಮ್ಮ ಅಂದೇ ತೀರ್ಮಾನಿಸಿದ್ದಾರೆ: ಮುಂದಿನ ತಿಂಗಳ ದೊಡ್ಡ ಪರೀಕ್ಷೆಗೆ ಕೂರುವುದು ಬೇಡ, ಸೋಮವಾರದಿಂದ ಮಗಳು ಹೊದಿಕೆ ಮಡಿಸುವ ಕೆಲಸಕ್ಕೆ. ಮೇಲ್ವಿಚಾರಕರ ಒಪ್ಪಿಗೆಯೂ ಸಿಕ್ಕಿದೆ.

ಮೇಜಿನಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಎಲ್ಲಿ ಹೋಯಿತು? ಗುರುವಾರ ಉತ್ತರ ಕೊಟ್ಟವಳು ‘ಲಾಯರ್’. ಮಾತಿಗೆ ಮಾತು ಕೊಡದೆ ಬಿಡದ ಹುಡುಗಿ.

“ಪರೀಕ್ಷೆ ಹಾಲಲ್ಲಿ ನಿಮ್ಮ ಪೆನ್ಸಿಲ್ ಇರಲ್ವಲ್ಲ ಅಕ್ಕ.”

“ಪೆನ್ಸಿಲ್ಲಿಗೂ ಅದಕ್ಕೂ ಏನು?”

“ಅಯ್ಯೋ, ನಿಮಗೇ ಗೊತ್ತಿಲ್ವಾ? ಪೆನ್ಸಿಲ್ ಓಡಾಡ್ತಿದ್ರೆ ಸರಿ. ನಿಂತ್ರೆ ಅಲ್ಲಿ ತಪ್ಪು. ನಾವೆಲ್ಲ ಲೆಕ್ಕ ಎಲ್ಲಿ ನೋಡ್ತೀವಿ, ನಿಮ್ಮ ಕೈ ನೋಡ್ತೀವಿ. ಇರುವೆ ಅಂತೂ ಅದ್ರಲ್ಲಿ ಪಿಎಚ್‌ಡಿ ಮಾಡಿದಾಳೆ.”

ಎಲ್ಲರೂ ನಕ್ಕರು. ಇರುವೆಯೂ ನಕ್ಕಳು. ಪೆನ್ಸಿಲಕ್ಕ ಮಾತ್ರ ಹಾಸ್ಟೆಲ್ಲಿನವರೆಗೂ ಯಾವ ಬೀದಿಯಲ್ಲಿ ನಡೆದೆನೆಂದು ನೋಡದೆ ನಡೆದಳು.

ಇವತ್ತು ಶುಕ್ರವಾರ. ಇರುವೆಯ ಮುಂದೆ ಒಂದೇ ಲೆಕ್ಕ: ಯಾವುದೋ ಸಂಖ್ಯೆಯ ಮೂರರಷ್ಟರಲ್ಲಿ ಏಳು ಕಳೆದರೆ ಹನ್ನೊಂದು. ಆ ಸಂಖ್ಯೆ ಯಾವುದು? ಪೆನ್ಸಿಲಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಿದ್ದಾಳೆ. ಹುಡುಗಿ ಬರೆಯುತ್ತಾಳೆ. ಕೂಡಬೇಕಾದ ಏಳನ್ನು ಹನ್ನೊಂದರಿಂದ ಕಳೆಯುತ್ತಾಳೆ. ತಲೆಯೆತ್ತಿ ಅಕ್ಕನ ಕೈ ಹುಡುಕುತ್ತಾಳೆ.

“ಅಕ್ಕ, ಕೈ ಎಲ್ಲಿ?”

“ಚಳಿ.”

“ಇಲ್ಲೆಲ್ಲಿ ಚಳಿ? ಲಾಯರ್ ಬೆವರ್ತಿದಾಳೆ ನೋಡಿ.”

“ನೀನು ಲೆಕ್ಕ ಮಾಡು.”

ಹುಡುಗಿ ಅಳಿಸುತ್ತಾಳೆ, ಮತ್ತೆ ಅದನ್ನೇ ಬರೆಯುತ್ತಾಳೆ. ಕಣ್ಣು ತುಂಬಿಕೊಳ್ಳುತ್ತದೆ. ಪೆನ್ಸಿಲಕ್ಕನ ಕೈ ಜೋಮು ಹಿಡಿಯುತ್ತದೆ. ಈ ಎರಡು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲವೆಂದು ಅನಿಸುತ್ತದೆ. ಹತ್ತು ನಿಮಿಷ. ಹದಿನೈದು. ಆಮೇಲೆ ಹುಡುಗಿ ಬಂದ ಉತ್ತರವನ್ನು ತಾನಾಗಿಯೇ ಲೆಕ್ಕದೊಳಗೆ ತಿರುಗಿ ಇಟ್ಟು ನೋಡುತ್ತಾಳೆ. ಹೊಂದುವುದಿಲ್ಲ. ಹುಬ್ಬು ಗಂಟಿಕ್ಕುತ್ತದೆ. ಹದಿನೇಳನೆಯ ನಿಮಿಷಕ್ಕೆ ಕಾಗದದಲ್ಲಿ ಆರು ಎಂದು ಬರೆದು, ಯಾರ ಮುಖವನ್ನೂ ನೋಡದೆ, ಅದರ ಸುತ್ತ ಒಂದು ವೃತ್ತ ಎಳೆಯುತ್ತಾಳೆ.

“ಸರಿನಾ ಅಂತ ಕೇಳಲ್ವಾ?” ಅನ್ನುತ್ತಾಳೆ ಲಾಯರ್.

“ಇಟ್ಟು ನೋಡ್ದೆ ಕಣೆ. ಹೊಂದ್ತು.”

ಪಾಳಿ ಮುಗಿದ ಗಂಟೆ ಹೊಡೆಯುತ್ತದೆ. ಇರುವೆಯ ಅಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆವಿಗೆ ಕೂದಲು ಹಣೆಗೆ ಅಂಟಿಕೊಂಡಿದೆ.

“ನಾಳೆಯಿಂದ ಇವಳು ಬರಲ್ಲಮ್ಮ. ಹೇಳಿ ಹೋಗೋಣ ಅಂತ ಬಂದೆ. ನಿಮ್ಮ ಋಣ ತೀರ್ಸೋಕಾಗಲ್ಲ. ನಿಮ್ಮದೇನೂ ತಪ್ಪಿಲ್ಲ, ಅಪ್ಪಟ ಚಿನ್ನ ನೀವು. ಇವಳ ತಲೇಲಿ ಹುರುಳಿಲ್ಲ, ನೀವು ತಾನೇ ಏನು ಮಾಡ್ತೀರಾ? ನಂಗೂ ಓದು ಹತ್ತಲಿಲ್ಲ. ನೂಲಿನಂತೆ ಸೀರೆ.”

ಇರುವೆ ವೃತ್ತ ಎಳೆದ ಕಾಗದವನ್ನು ನಾಲ್ಕಾಗಿ ಮಡಿಸುತ್ತಿದ್ದಾಳೆ. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆ ಚಿನ್ನದ ಹೆಸರು ಪೆನ್ಸಿಲಕ್ಕನಿಗೇ ಉಳಿಯುತ್ತದೆ; ಹುರುಳಿಲ್ಲದ ತಲೆ ಹುಡುಗಿಗೆ, ಬದುಕಿಡೀ. ಪೆನ್ಸಿಲಕ್ಕ ಮೇಜಿನ ಅಂಚು ಹಿಡಿದು ಎದ್ದು ನಿಲ್ಲುತ್ತಾಳೆ. ದನಿ ಕೆಳಗಿನ ಯಂತ್ರಗಳ ಸದ್ದಿಗಿಂತ ಮೇಲಿದೆ.

“ಇವಳ ತಲೆಗೇನೂ ಆಗಿಲ್ಲಮ್ಮ. ತಪ್ಪು ನಂದು. ಎರಡು ವರ್ಷ ನಾನು ಇವಳಿಗೆ ತಪ್ಪು ಮಾಡೋಕೇ ಬಿಡ್ಲಿಲ್ಲ.”